ಹೊಲದ ಹೆಸರು, ಹಳೇ ಕಲ್ಲು: ಬರೆದಿಡುವುದು ಹೇಗೆ?

ಹಳೇ ಗುಡಿ, ವೀರಗಲ್ಲು, ಪಾಳುಬಾವಿಗಳ ನಕ್ಷೆ ಮಾಡಲು ಹೊರಟವರು ಎಲ್ಲಕ್ಕಿಂತ ಮೊದಲು ಫೋನ್ ತೆಗೆಯುತ್ತಾರೆ. ಸಂಜೆ ಹೊತ್ತಿಗೆ ನೂರು ಫೋಟೊ ಇರುತ್ತವೆ, ಯಾವ ಕಲ್ಲು ಯಾವ ಹೊಲದ್ದು ಅಂತ ಮಾತ್ರ ಗೊತ್ತಿರುವುದಿಲ್ಲ. ಮಂಡ್ಯ ಸುತ್ತಿನ ಹಳ್ಳಿಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಫೋನ್ ಜೇಬಿನಲ್ಲಿರಲಿ. ಮೊದಲು ಹೆಸರು ಬರೆಯಿರಿ.

ಹೊರಡುವ ಮುಂಚೆ ಗ್ರಾಮನಕ್ಷೆಯ ಪ್ರತಿ, ಪೆನ್ಸಿಲ್, ಅಳತೆ ಟೇಪು ಇಟ್ಟುಕೊಳ್ಳಿ. ಕಂದಾಯ ದಾಖಲೆಯಲ್ಲಿ ‘ಬೇಚಿರಾಕ್’ ಎಂದಿರುವ, ಅಂದರೆ ಈಗ ಜನವಾಸ ಇಲ್ಲದ ಊರುಗಳನ್ನು ಗುರುತು ಮಾಡಿಕೊಳ್ಳಿ.

ಇನ್ನು ಹೆಸರು ಕೇಳುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ‘ಅಜ್ಜೀ, ಇದು ದೇವಸ್ಥಾನದ ಹೊಲಾನಾ?’ ಅಂತ ಕೇಳಿದರೆ ಅವರು ಹೂಂ ಅಂದುಬಿಡುತ್ತಾರೆ. ‘ಈ ಕಡೆಗೆ ಏನಂತೀರಿ ಅಜ್ಜೀ?’ ಅಂತ ಕೇಳಿ, ಸುಮ್ನೆ ಕಾಯಿರಿ. ‘ಹಾಳೂರ್ ತಿಟ್ಟು ಕಣಪ್ಪಾ’ ಅಂದರೆ ಹಾಗೇ ಬರೆಯಿರಿ. ‘ಹಾಳಾದ ಊರಿನ ದಿಬ್ಬ’ ಎಂದು ತಿದ್ದಬೇಡಿ. ಅರ್ಥವನ್ನು ಪಕ್ಕದಲ್ಲಿ ಬೇರೆಯಾಗಿ ಬರೆದುಕೊಳ್ಳಿ. ಒಬ್ಬರನ್ನು ಕೇಳಿದರೆ ಸಾಲದು. ಕುರಿ ಮೇಯಿಸುವವರು, ಕಳೆ ಕೀಳುವ ಹೆಂಗಸರು, ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ, ಹೀಗೆ ಮೂವರನ್ನಾದರೂ ಕೇಳಿ. ಬೇರೆ ಬೇರೆ ಹೆಸರು ಬಂದರೆ ಎಲ್ಲವನ್ನೂ ಬರೆಯಿರಿ, ಯಾರು ಹೇಳಿದ್ದು ಅಂತಲೂ ಸೇರಿಸಿ.

ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಆಮೇಲೆ ಕನ್ನಡಕ್ಕೆ ತಿರುಗಿಸುವ ಅಡ್ಡದಾರಿ ಬೇಡವೇ ಬೇಡ. ಲ, ಳ ಎರಡೂ ಒಂದೇ ಆಗಿಬಿಡುತ್ತವೆ. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲು ‘ಹೊಸಹೊಲಲು’ ಆದರೆ ಏನು ಉಳಿಯಿತು? ಹೊಳಲು ಅಂದರೆ ಹಳಗನ್ನಡದ ಪೊೞಲ್, ಪಟ್ಟಣ. ಒಂದು ಅಕ್ಷರ ತಪ್ಪಿದರೆ ಹೆಸರಿನೊಳಗಿನ ಪಟ್ಟಣವೇ ಹೋಯಿತಲ್ವಾ?

ಕಲ್ಲು ಕಂಡರೆ ‘ಮೊದಲಿಂದಲೂ ಇಲ್ಲೇ ಇತ್ತಾ?’ ಅಂತ ಕೇಳಲೇಬೇಕು. ನಾಲೆ, ರಸ್ತೆ ಕೆಲಸ ಬಂದಾಗ ಕಲ್ಲುಗಳನ್ನು ಎತ್ತಿ ಬೇರೆ ಕಡೆ ಇಟ್ಟಿರುತ್ತಾರೆ. ಮದ್ದೂರು ತಾಲ್ಲೂಕಿನ ಆತಕೂರಿನ 10ನೇ ಶತಮಾನದ ಶಾಸನ, ಕಾಡುಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿನದು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಎಲ್ಲಿಂದ ಬಂತು ಅಂತ ಬರೆದಿಟ್ಟಿದ್ದರಿಂದಲೇ ಅದು ಇಂದಿಗೂ ಆತಕೂರಿನ ಕಲ್ಲು. ಮೂಲ ಜಾಗ, ಈಗಿನ ಜಾಗ ಎರಡನ್ನೂ ಬರೆಯಿರಿ.

ಆಮೇಲೆ ಜಿಪಿಎಸ್. ಬಯಲಲ್ಲಿ ಒಂದೆರಡು ನಿಮಿಷ ನಿಂತು, ಅಕ್ಷಾಂಶ, ರೇಖಾಂಶ ಎರಡನ್ನೂ ದಶಾಂಶದ ನಂತರ 5 ಅಂಕಿವರೆಗೆ ಬರೆಯಿರಿ. ಅಕ್ಷಾಂಶದ ಮೂರನೇ ಅಂಕಿ ಒಂದು ಆಚೀಚೆ ಆದರೆ ಗುರುತು ಸುಮಾರು 110 ಮೀಟರ್ ಸರಿದು, ಯಾರದೋ ಕಬ್ಬಿನ ಗದ್ದೆಗೆ ಹೋಗಿರುತ್ತದೆ.

ಫೋಟೊ ಕೊನೆಗೆ. ಬೆಳಿಗ್ಗೆಯ ಓರೆ ಬಿಸಿಲೇ ಒಳ್ಳೆಯದು. ಮೋಡ ಇದ್ದರೆ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಅಕ್ಷರ ಎದ್ದು ಕಾಣಲಿ ಅಂತ ಎಣ್ಣೆ, ಸುಣ್ಣ ಬಳಿಯಬೇಡಿ. ತಂತಿ ಬ್ರಷ್ ಮುಟ್ಟಲೇಬೇಡಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದರೊಳಗಿನ ಜಾಗದ ವಿವರ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಹೊಲದ ನಡುವೆ ಒಂಟಿಯಾಗಿರುವ ವಿಗ್ರಹದ ಸರಿಯಾದ ಜಾಗವನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ನಿಧಿ ಆಸೆಗೆ ಅಗೆಯುವವರು ಅದನ್ನೂ ನೋಡುತ್ತಾರೆ. ಊರ ಹೆಸರಷ್ಟೇ ಹಾಕಿ, ಉಳಿದ ವಿವರವನ್ನು ಪುರಾತತ್ವ ಇಲಾಖೆಗೆ ಬರೆದು ಕೊಡಿ.