ಕಂಪ್ಯೂಟರ್ ಶುರುವಾಗುತ್ತಿಲ್ಲವೇ? ಎಲ್ಲಿ ನಿಂತಿತು ನೋಡಿ

ಡೆಸ್ಕ್‌ಟಾಪ್ ಕೈಕೊಟ್ಟಾಗ ಅಕ್ಕಪಕ್ಕದವರಿಂದ ಬರುವ ಮೊದಲ ಸಲಹೆ ‘ಫಾರ್ಮ್ಯಾಟ್ ಮಾಡಿಸಿಬಿಡಿ’. ಅದು ಕೊನೆಯ ಮಾತಾಗಬೇಕು. ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಇರುವ ಡ್ರೈವ್ ಅಳಿಸಿಹೋಗುತ್ತದೆ. ಅಲ್ಲೇ ಇಟ್ಟ ಫೋಟೊ, ಅಂಗಡಿಯ ಲೆಕ್ಕ, ಮಕ್ಕಳ ಪ್ರಾಜೆಕ್ಟ್ ಕೂಡ ಹೋಗುತ್ತವೆ. ಕರೆಂಟೇ ತಲುಪದ ಅಥವಾ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ‍್ಯಾಮ್ ಸಡಿಲವಾದ ಕಂಪ್ಯೂಟರಿಗೆ ಅದರಿಂದ ಕಿಂಚಿತ್ತೂ ಉಪಯೋಗವಿಲ್ಲ.

ಬಟನ್ ಒತ್ತಿದಾಗ ನಡೆಯುವುದು ಇಷ್ಟು. ಕ್ಯಾಬಿನೆಟ್ಟಿನೊಳಗಿನ ಪವರ್ ಸಪ್ಲೈ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್, ಗೋಡೆಯ 230 ವೋಲ್ಟ್ ಕರೆಂಟನ್ನು 12, 5 ಮತ್ತು 3.3 ವೋಲ್ಟ್ ಡಿಸಿಗೆ ಇಳಿಸಿ ಒಳಗೆ ಹಂಚುತ್ತದೆ. ಮುಖ್ಯ ಸರ್ಕ್ಯೂಟ್ ಬೋರ್ಡ್ ಆದ ಮದರ್‌ಬೋರ್ಡಿನಲ್ಲೇ ಇರುವ ಆರಂಭದ ಪ್ರೋಗ್ರಾಂ ಬಯೋಸ್ ಎಚ್ಚೆತ್ತು ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಸರಿಯಿವೆಯೇ ಎಂದು ಪರೀಕ್ಷಿಸುತ್ತದೆ. ಬಳಿಕ ಡಿಸ್ಕ್ ಹುಡುಕಿ ಕೆಲಸವನ್ನು ವಿಂಡೋಸ್‌ಗೆ ಒಪ್ಪಿಸುತ್ತದೆ. ಈ ದಾರಿಯಲ್ಲಿ ನಿಮ್ಮ ಕಂಪ್ಯೂಟರ್ ಎಲ್ಲಿ ನಿಂತಿದೆ ಎಂದು ಗುರುತಿಸಿದರೆ ಅರ್ಧ ಕೆಲಸ ಮುಗಿಯಿತು.

ದೀಪವೂ ಇಲ್ಲ, ಫ್ಯಾನೂ ಇಲ್ಲ

ಮೊದಲು ಕ್ಯಾಬಿನೆಟ್ ಬಿಟ್ಟು ಹೊರಗಡೆ ನೋಡಿ. ಅದೇ ಸಾಕೆಟ್‌ಗೆ ಮೊಬೈಲ್ ಚಾರ್ಜರ್ ಹಾಕಿ ಕರೆಂಟ್ ಬರುತ್ತಿದೆಯೇ ಪರೀಕ್ಷಿಸಿ. ಯುಪಿಎಸ್, ಸ್ಪೈಕ್ ಬಸ್ಟರ್ ಎರಡನ್ನೂ ಬದಿಗಿಟ್ಟು ಕಂಪ್ಯೂಟರನ್ನು ನೇರ ಗೋಡೆಯ ಸಾಕೆಟ್‌ಗೆ ಜೋಡಿಸಿ. ಬ್ಯಾಟರಿ ಸತ್ತ ಯುಪಿಎಸ್‌ನಿಂದಾಗಿ ಕಂಪ್ಯೂಟರೇ ಕೆಟ್ಟಿತೆಂದು ರಿಪೇರಿಗೆ ಒಯ್ದವರು ಬಹಳ ಮಂದಿ. ಎಸ್‌ಎಂಪಿಎಸ್‌ನ ಹಿಂಬದಿಯಲ್ಲಿ ಚಿಕ್ಕ ಸ್ವಿಚ್ ಇದ್ದರೆ ಗೀಟಿನ ಗುರುತಿರುವ ಕಡೆ ಒತ್ತಿರಬೇಕು. ಸೊನ್ನೆಯ ಕಡೆ ಒತ್ತಿದ್ದರೆ ಅದು ಆಫ್. ಮಾನಿಟರ್‌ನ ಪವರ್ ಕೇಬಲ್ ಸಾಮಾನ್ಯವಾಗಿ ಕ್ಯಾಬಿನೆಟ್ಟಿಗೂ ಹೊಂದುತ್ತದೆ, ಅದನ್ನೇ ಹಾಕಿ ನೋಡಿ.

ಆಗಲೂ ಜೀವ ಬರದಿದ್ದರೆ ಪ್ಲಗ್ ಕಿತ್ತು, ಪವರ್ ಬಟನನ್ನು 20 ಸೆಕೆಂಡ್ ಒತ್ತಿ ಹಿಡಿದು, ಮತ್ತೆ ಜೋಡಿಸಿ. ಒಳಗೆ ಉಳಿದ ಚಾರ್ಜ್ ಖಾಲಿಯಾಗಿ ಕೆಲವೊಮ್ಮೆ ಎದ್ದುಬಿಡುತ್ತದೆ. ಇಲ್ಲವಾದರೆ ಅನುಮಾನ ಎಸ್‌ಎಂಪಿಎಸ್ ಮೇಲೆ. ಅದನ್ನು ಮಾತ್ರ ಬಿಚ್ಚಲೇಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ಚಾರ್ಜ್ ಉಳಿದಿರಬಹುದು. ಬೇರೆ ಎಸ್‌ಎಂಪಿಎಸ್ ಹಾಕಿಸಿ ನೋಡುವುದೇ ಸರಿ. ಮಲೆನಾಡು, ಕರಾವಳಿಯವರು ಗುಡುಗು ಶುರುವಾದ ಕೂಡಲೇ ಪ್ಲಗ್ ಜತೆಗೆ ಇಂಟರ್‌ನೆಟ್ ಕೇಬಲನ್ನೂ ಕಿತ್ತಿಡಬೇಕು. ಸಿಡಿಲಿನ ಹೊಡೆತ ಆ ತಂತಿಯಲ್ಲೂ ಬರುತ್ತದೆ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಹೆಚ್ಚು ಮಂದಿ ಸಿಕ್ಕಿಕೊಳ್ಳುವುದು ಇಲ್ಲೇ, ಮನೆಯಲ್ಲೇ ಸರಿಯಾಗುವ ದೋಷಗಳು ಹೆಚ್ಚಿರುವುದೂ ಇಲ್ಲೇ. ಕ್ಯಾಬಿನೆಟ್ ತೆರೆಯುವ ಮುನ್ನ ಮಾನಿಟರ್ ಕೇಬಲ್‌ನ ಎರಡೂ ತುದಿ ಬಿಗಿಯಾಗಿವೆಯೇ, ಮಾನಿಟರ್‌ನಲ್ಲಿ ಸರಿಯಾದ ಇನ್‌ಪುಟ್ ಆಯ್ಕೆಯಾಗಿದೆಯೇ ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದಕ್ಕೇ ಹೋಗಬೇಕು, ಮದರ್‌ಬೋರ್ಡಿನ ಪೋರ್ಟ್‌ಗೆ ಅಲ್ಲ. ಮನೆ ಗುಡಿಸುವಾಗ ಕಿತ್ತು ಮತ್ತೆ ಹಾಕಿದ ಕೇಬಲ್ ಎಷ್ಟೋ ಸಲ ತಪ್ಪು ಜಾಗಕ್ಕೆ ಹೋಗಿರುತ್ತದೆ.

ನಂತರ ರ‍್ಯಾಮ್. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ. ಹಿಂಬದಿಯ ಸ್ಕ್ರೂ ಬಿಚ್ಚಿ ಪಕ್ಕದ ತಗಡು ಸರಿಸಿ. ರ‍್ಯಾಮ್ ಪಟ್ಟಿಯ ತುದಿಯ ಕ್ಲಿಪ್ ಅಗಲಿಸಿದರೆ ಪಟ್ಟಿ ಮೇಲೇಳುತ್ತದೆ. ಅದರ ಚಿನ್ನದ ಬಣ್ಣದ ಅಂಚಿಗೆ ಧೂಳು, ಮಳೆಗಾಲದ ತೇವ ಸೇರಿ ಸಂಪರ್ಕ ಕೆಡುತ್ತದೆ. ರಬ್ಬರ್‌ನಿಂದ ಉಜ್ಜುವುದು ನಮ್ಮ ರಿಪೇರಿ ಅಂಗಡಿಗಳ ಹಳೆಯ ರೂಢಿ. ಆದರೆ ಆ ಲೇಪ ಬಲು ತೆಳು, ಜೋರಾಗಿ ಉಜ್ಜಿದರೆ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ತೋಯಿಸಿದ ಮೆತ್ತನೆ ಬಟ್ಟೆಯಿಂದ ಒರೆಸಿ ಒಣಗಲು ಬಿಡುವುದು ಮೇಲು. ಪಟ್ಟಿಯ ಕಚ್ಚು ಸ್ಲಾಟಿನ ಉಬ್ಬಿಗೆ ಕೂರುವಂತೆ ಹಿಡಿದು, ಕ್ಲಿಪ್ ‘ಟಕ್’ ಎನ್ನುವವರೆಗೆ ನೇರವಾಗಿ ಒತ್ತಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ, ಕೆಟ್ಟದ್ದು ಯಾವುದೆಂದು ತಿಳಿಯುತ್ತದೆ. ಡಿಡಿಆರ್5 ರ‍್ಯಾಮ್ ಇರುವ ಹೊಸ ಕಂಪ್ಯೂಟರ್‌ಗಳಲ್ಲಿ ಪಟ್ಟಿ ಬದಲಿಸಿದ ಬಳಿಕ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಗಾಬರಿಯಿಂದ ಆಫ್ ಮಾಡಬೇಡಿ.

‘ಬೀಪ್’ ಸದ್ದು ಬರುತ್ತಿದ್ದರೆ ಎಷ್ಟು ಸಲ, ಉದ್ದವೋ ಗಿಡ್ಡವೋ ಎಂದು ಬರೆದುಕೊಳ್ಳಿ. ಅದರ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಮದರ್‌ಬೋರ್ಡಿನ ಕೈಪಿಡಿಯಲ್ಲಿ ಸಿಗುತ್ತದೆ. ಈಚಿನ ಹಲವು ಬೋರ್ಡ್‌ಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ (ಕ್ರಮವಾಗಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಡಿಸ್ಕ್) ಎಂದು ಬರೆದ ಪುಟ್ಟ ದೀಪಗಳಿರುತ್ತವೆ. ಯಾವುದು ಉರಿದೇ ಇರುತ್ತದೋ ತೊಂದರೆ ಅಲ್ಲಿದೆ.

ಪ್ರತಿ ಸಲ ದಿನಾಂಕ, ಸಮಯ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಬದಲಿಸಿ. 3 ವೋಲ್ಟಿನ ಈ ಬ್ಯಾಟರಿ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಶುರುವಾಗಿ ಕೆಲವೇ ಕ್ಷಣಗಳಲ್ಲಿ ಆಫ್ ಆಗುತ್ತಿದ್ದರೆ ಪ್ರೊಸೆಸರ್ ಮೇಲಿನ ಫ್ಯಾನ್ ತಿರುಗುತ್ತಿದೆಯೇ, ಧೂಳು ಕಟ್ಟಿದೆಯೇ ಗಮನಿಸಿ.

ಲೋಗೊ ಬಂತು, ವಿಂಡೋಸ್ ಬರಲಿಲ್ಲ

ಬೂಟ್ ಡಿವೈಸ್ (ವಿಂಡೋಸ್ ಇರುವ ಡಿಸ್ಕ್) ಸಿಗುತ್ತಿಲ್ಲ ಎಂಬ ಸಂದೇಶ ಕಂಡರೆ ಚುಚ್ಚಿಟ್ಟ ಪೆನ್‌ಡ್ರೈವ್‌ಗಳನ್ನೆಲ್ಲ ತೆಗೆದು ಮತ್ತೆ ಆನ್ ಮಾಡಿ. ಆಗಲೂ ಆಗದಿದ್ದರೆ ಬಯೋಸ್‌ಗೆ ಹೋಗಿ ಡಿಸ್ಕ್ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಡಿಸ್ಕ್ ಕೇಬಲ್ ಬಿಗಿ ಮಾಡಿ. ಹಾರ್ಡ್‌ಡಿಸ್ಕ್ ‘ಕಟ್ ಕಟ್’ ಎಂದು ಸದ್ದು ಮಾಡುತ್ತಿದ್ದರೆ ತಕ್ಷಣ ಆಫ್ ಮಾಡಿ. ಪ್ರತಿ ಸಲ ಆನ್ ಮಾಡಿದಾಗಲೂ ದತ್ತಾಂಶ ಮರಳಿ ಸಿಗುವ ಸಾಧ್ಯತೆ ಕಡಿಮೆಯಾಗುತ್ತದೆ.

ಡಿಸ್ಕ್ ಇದೆ, ವಿಂಡೋಸ್ ಮಾತ್ರ ಏಳುತ್ತಿಲ್ಲ ಎಂದಾದರೆ ವಿಂಡೋಸ್ ಚಕ್ರ ತಿರುಗುವಾಗ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಹೀಗೆ ಎರಡು ಮೂರು ಸಲ ಮಾಡಿದರೆ ರಿಕವರಿ ಪರದೆ ತಾನಾಗಿ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಮೊದಲು ಸ್ಟಾರ್ಟಪ್ ರಿಪೇರ್ ಆರಿಸಿ. ಅಪ್‌ಡೇಟ್ ಆದ ಮರುದಿನವೇ ಕೆಟ್ಟಿದ್ದರೆ ಆ ಅಪ್‌ಡೇಟ್ ತೆಗೆಯುವ ಆಯ್ಕೆಯೂ ಅಲ್ಲೇ ಇದೆ. ಸ್ಟಾರ್ಟಪ್ ಸೆಟ್ಟಿಂಗ್ಸ್‌ಗೆ ಹೋಗಿ, ರೀಸ್ಟಾರ್ಟ್ ಆದ ಮೇಲೆ 4 ಒತ್ತಿದರೆ ಅತ್ಯಗತ್ಯ ಭಾಗಗಳಷ್ಟರಿಂದಲೇ ವಿಂಡೋಸ್ ತೆರೆಯುವ ಸೇಫ್ ಮೋಡ್ ಬರುತ್ತದೆ.

2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ದೋಷ ತೋರಿಸುವ ನೀಲಿ ಪರದೆಯಲ್ಲಿ ನಿಂತವು. ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಪರದಾಡಿದರು. ಆ ಯಂತ್ರಗಳ ಬಿಡಿಭಾಗ, ದತ್ತಾಂಶ ಎಲ್ಲವೂ ಸರಿಯಾಗಿಯೇ ಇದ್ದವು. ಸೇಫ್ ಮೋಡ್‌ಗೆ ಹೋಗಿ ಅಪ್‌ಡೇಟ್ ತಂದ ಆ ಒಂದು ದೋಷದ ಫೈಲ್ ಅಳಿಸಿದರೆ ಸಾಕಿತ್ತು.

ರಿಕವರಿ ಪರದೆಯ ಹಂತದಲ್ಲಿ, ಡಿಸ್ಕಿಗೆ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರ್ 48 ಅಂಕಿಗಳ ಕೀ ಕೇಳಬಹುದು. ಕಂಪ್ಯೂಟರ್ ಶುರು ಮಾಡುವಾಗ ಮೈಕ್ರೊಸಾಫ್ಟ್ ಖಾತೆ ಬಳಸಿದ್ದರೆ, ಮೊಬೈಲ್‌ನಿಂದ ಅದೇ ಖಾತೆಗೆ ಲಾಗಿನ್ ಆಗಿ ಹುಡುಕಿ, ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಈಗ ಕಂಪ್ಯೂಟರ್ ಚೆನ್ನಾಗಿರುವವರೂ ಇವತ್ತೇ ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಕೀ ಇಲ್ಲದೆ ಆ ಡಿಸ್ಕಿನ ಫೈಲ್‌ಗಳನ್ನು ಯಾವ ತಂತ್ರಜ್ಞರೂ ತೆರೆದುಕೊಡಲಾರರು.

ಏನೂ ಫಲಿಸದೆ ಅಂಗಡಿಗೆ ಒಯ್ಯುವುದಾದರೆ, ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಜೋಡಿಸಿ ನಿಮ್ಮ ಫೈಲ್‌ಗಳನ್ನು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿಕೊಡಲು ಮೊದಲೇ ಹೇಳಿ. ಒಂದೆರಡು ಫೋಟೊ, ಕಡತ ತೆರೆದು ನೋಡಿ ಖಾತ್ರಿ ಮಾಡಿಕೊಂಡ ಬಳಿಕವೇ ಫಾರ್ಮ್ಯಾಟ್‌ಗೆ ಒಪ್ಪಿಗೆ ಕೊಡಿ.