ಯಾವ ಬಾಂಡ್ ಮುರೀತು, ಯಾವುದು ಉಳೀತು? ಪಿಯು ಮಕ್ಕಳಿಗೆ ಬಯೋಮಾಲಿಕ್ಯೂಲ್ಸ್ ಕಲಿಸಿದ ನನ್ನ ಅನುಭವ

ನಾನು ಉಡುಪಿಯಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಕಲಿಸ್ತೇನೆ. ನಮ್ಮ ಸಿಲಬಸ್ಸಲ್ಲಿ ಕೆಮಿಕಲ್ ಬಾಂಡಿಂಗ್, ಅಂದ್ರೆ ಪರಮಾಣುಗಳು ಒಂದಕ್ಕೊಂದು ಕಟ್ಟಿಕೊಳ್ಳುವ ಪಾಠ, ಬರುದು ಫಸ್ಟ್ ಪಿಯುವಲ್ಲಿ, ಬಯೋಮಾಲಿಕ್ಯೂಲ್ಸ್, ಅಂದ್ರೆ ಪ್ರೋಟೀನ್, ಸ್ಟಾರ್ಚ್, ಡಿಎನ್ಎ ಥರದ ಜೀವಿಗಳೊಳಗಿನ ಅಣುಗಳ ಪಾಠ, ಬರುದು ಸೆಕೆಂಡ್ ಪಿಯುವಿನ ಕಟ್ಟಕಡೆಗೆ, ಅಷ್ಟೊತ್ತಿಗೆ ಪ್ರಿಪರೇಟರಿ, ನೀಟ್, ಸಿಇಟಿ ಅಂತ ಎಲ್ಲರಿಗೂ ತಲೆಬಿಸಿ ಶುರುವಾಗಿರ್ತದೆ. ಬಯಾಲಜಿಯವರು ಅದೇ ವಿಷಯವನ್ನು ಫಸ್ಟ್ ಪಿಯುವಲ್ಲೇ ಅವರ ಲೆಕ್ಕದಲ್ಲಿ ಮಾಡಿ ಮುಗಿಸಿರ್ತಾರೆ. ಹಾಗಾಗಿ ಸಕ್ಕರೆ ಅಣುಗಳನ್ನು ಜೋಡಿಸುದು ಗ್ಲೈಕೋಸಿಡಿಕ್ ಬಾಂಡ್, ಪ್ರೋಟೀನಿನ ಅಮೈನೋ ಆಸಿಡ್‌ಗಳನ್ನು ಜೋಡಿಸುದು ಪೆಪ್ಟೈಡ್ ಬಾಂಡ್, ಡಿಎನ್ಎ ಎಳೆಯ ತುಂಡುಗಳನ್ನು ಜೋಡಿಸುದು ಫಾಸ್ಫೋಡೈಎಸ್ಟರ್ ಬಾಂಡ್ ಅಂತ ಮಕ್ಕಳು ಬಾಯಿಪಾಠ ಹೇಳ್ತಾರೆ, ಆದ್ರೆ ಮೊಟ್ಟೆ ಬೇಯಿಸುವಾಗ ಇದರಲ್ಲಿ ಯಾವುದು ಮುರೀತದೆ ಅಂತ ಕೇಳಿದ್ರೆ ಕ್ಲಾಸಲ್ಲಿ ಅರ್ಧಕ್ಕರ್ಧ ಜನ ಪೆಪ್ಟೈಡ್ ಬಾಂಡ್ ಅಂತ ಕೈ ಎತ್ತುತ್ತಾರೆ. ಅದು ತಪ್ಪು. ಮತ್ತೆ ಆ ಒಂದು ತಪ್ಪು ಸರಿಯಾದ್ರೆ ಇಡೀ ಚಾಪ್ಟರ್ ಅರ್ಧ ಅರ್ಥವಾದ ಹಾಗೆ ಅನ್ನುದು ನನ್ನ ಅನಿಸಿಕೆ.

ಅದಕ್ಕೆ ನಾನು ಮಾಡಿದ್ದು ಇಷ್ಟೇ. ಪಟ್ಟಿ ಮಾಡಿಸಿ ಕಲಿಸುದನ್ನು ಬದಿಗಿಟ್ಟು ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕ್ಲಿಕ್ಕೆ ಶುರು ಮಾಡಿದೆ: ಇಲ್ಲಿ ಯಾವ ಬಾಂಡ್ ಮುರೀತು, ಯಾವುದು ಉಳೀತು?

ಮೊದಲು ಬೋರ್ಡಲ್ಲಿ ಮೂರು ನಂಬರ್ ಬರೀತೇನೆ, ವರ್ಷವಿಡೀ ಅದೇ ಬೇಕಾಗುದು. ಕಾರ್ಬನ್-ಕಾರ್ಬನ್ ಸಿಂಗಲ್ ಬಾಂಡ್ ಒಂದು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಮುರಿಲಿಕ್ಕೆ ಸುಮಾರು 350 ಕಿಲೋಜೌಲ್ ಬೇಕು. ನೀರಿನ ಹೈಡ್ರೋಜನ್ ಬಾಂಡಿಗೆ, ಅಂದ್ರೆ ಒಂದು ಅಣುವಿನ ಹೈಡ್ರೋಜನ್ ಮತ್ತು ಪಕ್ಕದ ಅಣುವಿನ ಆಕ್ಸಿಜನ್ ನಡುವಿನ ಸಡಿಲ ಸೆಳೆತಕ್ಕೆ, 20ರ ಆಸುಪಾಸು. ಇನ್ನು ನಮ್ಮ ರೂಮಿನ ಸಾಮಾನ್ಯ ಬಿಸಿಯಲ್ಲಿ ಅಣುಗಳು ಸುಮ್ಮನೆ ಕುಣಿಯುವ ಶಕ್ತಿ, ಅದು 2.5. ಅಂದ್ರೆ ಕಾರ್ಬನ್-ಕಾರ್ಬನ್ ಥರ ಎಲೆಕ್ಟ್ರಾನ್ ಹಂಚಿಕೊಂಡು ಆಗುವ ಕೊವೆಲೆಂಟ್ ಬಾಂಡ್ ಈ ಕುಣಿತಕ್ಕೆ ಜಗ್ಗುದೇ ಇಲ್ಲ, ಹೈಡ್ರೋಜನ್ ಬಾಂಡ್ ಮಾತ್ರ ಹಿಡಿಯುದು ಬಿಡುದು ಮಾಡ್ತಾನೇ ಇರ್ತದೆ. ಒಂದೊಂದಾಗಿ ನೋಡಿದ್ರೆ ಅದಕ್ಕೆ ಬಲವೇ ಇಲ್ಲ, ಆದ್ರೆ ಕೈರಂಪಣಿ ಬಲೆ ಎಳೆಯುವಾಗ ಮಲ್ಪೆ ಕಡೆ ಸಾಲಾಗಿ ನಿಂತ ಜನರ ಹಾಗೆ, ಎಲ್ಲ ಒಟ್ಟಿಗೆ ಕೈ ಹಾಕಿದಾಗಲೇ ಅದರ ತಾಕತ್ತು ಗೊತ್ತಾಗುದು. ಜೀವ ಇರುವ ವಸ್ತುವಿನ ಹಣೆಬರಹವೇ ಇದು. ಬೆನ್ನೆಲುಬು ಗಟ್ಟಿ ಬಾಂಡಿನದ್ದು, ಆಕಾರ ಮತ್ತು ಕೆಲಸ ಎರಡೂ ಈ ಸಡಿಲ ಬಾಂಡುಗಳದ್ದು.

ಮಕ್ಕಳ ನಿದ್ದೆ ಬಿಡಿಸುದು ಕೂದಲಿನ ವಿಷಯ. ನಮ್ಮ ಕರಾವಳಿಯ ಸೆಕೆ ಹ್ಯುಮಿಡಿಟಿ ಎಲ್ಲರಿಗೂ ಗೊತ್ತುಂಟಲ್ಲ, ಬೆಳಿಗ್ಗೆ ಐರನ್ ಹಾಕಿ ನೆಟ್ಟಗೆ ಮಾಡಿಕೊಂಡು ಬಂದ ಕೂದಲು ಮಧ್ಯಾಹ್ನ ಬಸ್ಸಿಂದ ಇಳಿಯುವಾಗ ಪುನಃ ಗುಂಗುರು ಆಗಿರ್ತದೆ. ಯಾಕೆ? ಕೂದಲು ಅಂದ್ರೆ ಕೆರಾಟಿನ್ ಅನ್ನುವ ಪ್ರೋಟೀನ್. ಒದ್ದೆ ಮಾಡಿ ಬಿಸಿ ಕೊಟ್ಟಾಗ ಅದರ ಹೈಡ್ರೋಜನ್ ಬಾಂಡ್ ಬಿಟ್ಟು ಹೊಸ ಜಾಗದಲ್ಲಿ ಹಿಡಿದುಕೊಳ್ತದೆ, ಗಾಳಿಯಲ್ಲಿರುವ ನೀರು ಒಳಗೆ ಹೋದ ಕೂಡಲೇ ಅದು ಪುನಃ ಸಡಿಲ. ಪಾರ್ಲರ್‌ನಲ್ಲಿ ದುಡ್ಡು ಕೊಟ್ಟು ರೀಬಾಂಡಿಂಗ್ ಮಾಡಿಸಿದ್ರೆ ಮಾತ್ರ ಯಾಕೆ ತಿಂಗಳುಗಟ್ಟಲೆ ನಿಲ್ತದೆ ಅಂದ್ರೆ ಅಲ್ಲಿ ಮುರಿಯುದು ಸಲ್ಫರ್-ಸಲ್ಫರ್ ನಡುವಿನ ಡೈಸಲ್ಫೈಡ್ ಬಾಂಡ್, ಅದು ಕೊವೆಲೆಂಟ್. ಥಯೋಗ್ಲೈಕೋಲೇಟ್ ಇರುವ ಕ್ರೀಮ್ ಹಾಕಿ ಅದನ್ನು ಬಿಡಿಸ್ತಾರೆ, ಕೂದಲು ನೆಟ್ಟಗೆ ಮಾಡ್ತಾರೆ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಥರದ್ದು ಹಾಕಿ ಹೊಸ ಜಾಗದಲ್ಲಿ ಪುನಃ ಕಟ್ಟಿಸ್ತಾರೆ. ಬುಡದಿಂದ ಬರುವ ಹೊಸ ಕೂದಲು ಮಾತ್ರ ಅದರ ಪಾಡಿಗೆ ಗುಂಗುರಾಗಿಯೇ ಬರ್ತದೆ. ಇದನ್ನು ಹೇಳಿದ ದಿನ ಹಿಂದಿನ ಬೆಂಚಿನ ಹುಡುಗಿಯರಿಂದ ಬಂದಷ್ಟು ಪ್ರಶ್ನೆ ಹೈಬ್ರಿಡೈಸೇಶನ್ ಮಾಡುವಾಗ ಯಾವತ್ತೂ ಬಂದದ್ದಿಲ್ಲ ಮಾರಾಯ್ರೆ.

ಮೊಟ್ಟೆಗೆ ಬರ್ತೇನೆ. ಇದಕ್ಕೆ ಪ್ರೋಟೀನ್ ಗುರುತಿಸುವ ಬಯುರೆಟ್ ಟೆಸ್ಟ್ ಬೇಕು, ಲ್ಯಾಬಲ್ಲಿ ಕಾಸ್ಟಿಕ್ ಸೋಡಾ ಮತ್ತು ಕಾಪರ್ ಸಲ್ಫೇಟ್ ಇದ್ದೇ ಇರ್ತದೆ. ಕಾಪರ್ ಸಲ್ಫೇಟ್ ಅಂದ್ರೆ ಮೈಲುತುತ್ತು, ಕೊಳೆರೋಗಕ್ಕೆ ಅಡಿಕೆಗೆ ಬಿಡುವ ಬೋರ್ಡೋ ದ್ರಾವಣದಲ್ಲಿ ಸುಣ್ಣದೊಟ್ಟಿಗೆ ಹಾಕುದು ಅದನ್ನೇ, ಕಾರ್ಕಳ ಬೆಳ್ತಂಗಡಿ ಕಡೆಯಿಂದ ಬರುವ ತೋಟದ ಮನೆ ಮಕ್ಕಳಿಗೆ ಇದನ್ನು ಪರಿಚಯ ಮಾಡಿಸುವ ಅಗತ್ಯವೇ ಇಲ್ಲ. ಹಸಿ ಮೊಟ್ಟೆಯ ಬಿಳಿಭಾಗವನ್ನು ನೀರಲ್ಲಿ ಕದಡಿ ಒಂದು ಟ್ಯೂಬಿಗೆ, ಬೇಯಿಸಿದ ಬಿಳಿಭಾಗದ ಚೂರು ಇನ್ನೊಂದು ಟ್ಯೂಬಿಗೆ. ಎರಡಕ್ಕೂ ಮೊದಲು ಕಾಸ್ಟಿಕ್ ಸೋಡಾ ದ್ರಾವಣ, ಆಮೇಲೆ ಮೈಲುತುತ್ತಿನ ತೆಳು ದ್ರಾವಣ ಕೆಲವೇ ಹನಿ. ಜಾಸ್ತಿ ಹಾಕಿದ್ರೆ ಅದರದ್ದೇ ನೀಲಿ ಬಣ್ಣ ಮೇಲಾಗಿ ಎಂತದೂ ಕಾಣುದಿಲ್ಲ. ಕಾಸ್ಟಿಕ್ ಸೋಡಾ ಚರ್ಮಕ್ಕೆ, ಕಣ್ಣಿಗೆ ತಾಗಬಾರದು, ಹಾಗಾಗಿ ಅದನ್ನು ಗ್ಲೌಸ್ ಕನ್ನಡಕ ಹಾಕ್ಕೊಂಡು ನಾನೇ ಹಾಕುದು. ಎರಡೂ ಟ್ಯೂಬ್ ನೇರಳೆ ಆಗ್ತದೆ, ಚೂರು ಇರುವುದು ಸ್ವಲ್ಪ ನಿಧಾನ. ಆ ನೇರಳೆ ಬಣ್ಣ ಬರುದು ಪೆಪ್ಟೈಡ್ ಬಾಂಡ್ ಇದ್ರೆ ಮಾತ್ರ. ಅಂದ್ರೆ ಬೇಯಿಸಿದ ಮೇಲೂ ಪೆಪ್ಟೈಡ್ ಬಾಂಡ್ ಅಲ್ಲೇ ಉಂಟು! ಹಾಗಾದ್ರೆ ಹೋದದ್ದೆಂತ? ಪ್ರೋಟೀನಿನ ಸರಪಳಿಯನ್ನು ಮಡಚಿ ಹಿಡಿದಿದ್ದ ಹೈಡ್ರೋಜನ್ ಬಾಂಡ್, ಅಯಾನಿಕ್ ಸೆಳೆತ, ನೀರನ್ನು ದೂರ ಇಡುವ ಭಾಗಗಳ ಒಳಕೂಟ, ಇವೆಲ್ಲ ಬಿಟ್ಟು ಹೋಗಿ ಸರಪಳಿಗಳು ಬಿಚ್ಚಿ ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಗಟ್ಟಿಯಾಗಿವೆ. ಪೆಪ್ಟೈಡ್ ಬಾಂಡ್ ಮುರಿಯುದು ಹೊಟ್ಟೆಯಲ್ಲಿ, ಪೆಪ್ಸಿನ್ ಟ್ರಿಪ್ಸಿನ್ ಅನ್ನುವ ಜೀರ್ಣಕಾರಿ ಎನ್ಜೈಮ್‌ಗಳು ಬಂದ ಮೇಲೆ.

ಉಡುಪಿಯಲ್ಲಿ ಮೊಟ್ಟೆ ಮುಟ್ಟದ ಮಕ್ಕಳು ಸುಮಾರು ಜನ ಇರ್ತಾರೆ, ಅವರಿಗೆ ಹಾಲು. ಲಿಂಬೆರಸ ಹಿಂಡಿ ಒಡೆದ ಹಾಲಿನ ಗಟ್ಟಿಗೂ ನೇರಳೆ ಬರ್ತದೆ, ಅಲ್ಲಿ ಬಿಸಿಯ ಬದಲು ಹುಳಿ ಕೆಲಸ ಮಾಡ್ತದೆ. ಹುಳಿ ಅಳೆಯುವ ಪಿಎಚ್ 4.6ರ ಹತ್ತಿರ ಇಳಿದಾಗ ಕೇಸಿನ್ ಪ್ರೋಟೀನಿನ ಒಟ್ಟು ಚಾರ್ಜ್ ಸೊನ್ನೆ ಆಗಿ ಒಂದನ್ನೊಂದು ದೂಡುದು ನಿಲ್ತದೆ, ಗಡ್ಡೆ ಕಟ್ತದೆ.

ನಿನ್ನೆಯ ಮೀನುಸಾರು ಫ್ರಿಜ್ಜಲ್ಲಿ ಜೆಲ್ಲಿ ಥರ ಆಗಿ, ಬಿಸಿ ಮಾಡಿದ್ರೆ ಪುನಃ ನೀರಾಗುದನ್ನು ಮೀನು ತಿನ್ನುವ ಮನೆಯವರು ನೋಡಿರ್ತೀರಿ. ಅದು ತಲೆ, ಚರ್ಮ, ಮುಳ್ಳಿನ ಕೊಲಾಜೆನ್ ಅನ್ನುವ ಪ್ರೋಟೀನ್ ಬೆಂದು ಜೆಲಾಟಿನ್ ಆದದ್ದು. ಇಲ್ಲಿ ನಾನು ಜಿ. ಎನ್. ರಾಮಚಂದ್ರನ್ ಹೆಸರು ಬೇಕಂತಲೇ ತರ್ತೇನೆ. ಮದ್ರಾಸಲ್ಲಿ ಕೂತು 1954ರಲ್ಲಿ ಗೋಪಿನಾಥ್ ಕರ್ತ ಅವರೊಟ್ಟಿಗೆ ಕೊಲಾಜೆನ್ನಿನ ಮೂರು ಎಳೆಯ ರಚನೆ ಹೇಳಿದವರು, ಆಮೇಲೆ ಬೆಂಗಳೂರಿನ ಐಐಎಸ್ಸಿಗೆ ಬಂದವರು. ಮೂರು ಎಳೆ ಅಷ್ಟು ಹತ್ತಿರ ಹೆಣೆದುಕೊಳ್ಬೇಕಾದ್ರೆ ಪ್ರತಿ ಮೂರನೇ ಜಾಗದಲ್ಲಿ ಎಲ್ಲಕ್ಕಿಂತ ಸಣ್ಣ ಅಮೈನೋ ಆಸಿಡ್ ಗ್ಲೈಸಿನ್ ಬೇಕು, ಬೇರೆ ಯಾವುದಕ್ಕೂ ಅಲ್ಲಿ ಜಾಗ ಸಾಕಾಗುದಿಲ್ಲ. ಪ್ರೋಟೀನಿನ ಸುರುಳಿ ಆಕಾರ ಆಲ್ಫಾ ಹೀಲಿಕ್ಸ್ ಅಂದ ಕೂಡಲೇ 1951, ಲೈನಸ್ ಪಾಲಿಂಗ್ ಅನ್ನುವ ಮಕ್ಕಳಿಗೆ ರಾಮಚಂದ್ರನ್ ಹೆಸರು ಗೊತ್ತಿಲ್ಲದಿದ್ರೆ ನನಗೆ ಬೇಜಾರಾಗ್ತದೆ.

ಸ್ಟಾರ್ಚ್ ಬಹಳ ಸುಲಭ. ಗಂಜಿತಿಳಿಗೆ ನೀರು ಸೇರಿಸಿ ತೆಳು ಮಾಡಿ ಒಂದು ಹನಿ ಅಯೋಡಿನ್, ಕಡುನೀಲಿ. ಬಿಸಿ ಮಾಡಿದ್ರೆ ಬಣ್ಣ ಹೋಗ್ತದೆ, ತಣ್ಣಗಾದ್ರೆ ಪುನಃ ಬರ್ತದೆ. ಪುನಃ ಬಂತು ಅಂದ್ರೆ ಕೊವೆಲೆಂಟ್ ಯಾವುದೂ ಮುರಿದಿಲ್ಲ, ಸ್ಟಾರ್ಚಿನ ಒಂದು ಭಾಗವಾದ ಅಮೈಲೋಸಿನ ಸುರುಳಿಯೊಳಗೆ ಕೂತಿದ್ದ ಅಯೋಡಿನ್ ಹೊರಗೆ ಹೋಗಿ ಒಳಗೆ ಬಂತು ಅಷ್ಟೇ. ಇನ್ನೊಂದು ಟ್ಯೂಬಿನ ಗಂಜಿತಿಳಿಗೆ ಅಯೋಡಿನ್ ಹಾಕುವ ಮೊದಲು ಸ್ವಲ್ಪ ಎಂಜಲು ಬೆರೆಸಿ ಕೈಯ ಬಿಸಿಯಲ್ಲಿ ಹಿಡಿದುಕೊಂಡು ಕಾದ್ರೆ, ಆಮೇಲೆ ಅಯೋಡಿನ್ ಹಾಕಿದಾಗ ನೀಲಿ ಬರುದಿಲ್ಲ, ಎಷ್ಟು ತಣ್ಣಗೆ ಮಾಡಿದ್ರೂ ಇಲ್ಲ, ಯಾಕಂದ್ರೆ ಎಂಜಲಿನ ಎನ್ಜೈಮ್ ಅಮೈಲೇಸ್ ಗ್ಲೈಕೋಸಿಡಿಕ್ ಬಾಂಡನ್ನೇ ಕತ್ತರಿಸಿ ಹಾಕಿರ್ತದೆ. ಮಕ್ಕಳು ಛೀ ಅಂತಾರೆ, ಆದ್ರೆ ಮರೆಯುದಿಲ್ಲ. ಅದೇ ಭತ್ತದ ಗಿಡದ ಬೈಹುಲ್ಲಿನ ಸೆಲ್ಯುಲೋಸ್ ಕೂಡ ಗ್ಲೂಕೋಸಿಂದಲೇ ಆದದ್ದು, ಆದ್ರೆ ಅಲ್ಲಿ ಬಾಂಡ್ ಆಲ್ಫಾ ಅಲ್ಲ, ಬೀಟಾ, ಅಂದ್ರೆ ಗ್ಲೂಕೋಸ್ ಜೋಡಣೆಯ ದಿಕ್ಕು ಬೇರೆ. ಸರಪಳಿ ನೆಟ್ಟಗೆ ನಿಂತು ಪಕ್ಕದ ಸರಪಳಿಯೊಟ್ಟಿಗೆ ಸಾಲುಸಾಲು ಹೈಡ್ರೋಜನ್ ಬಾಂಡ್ ಮಾಡ್ಕೊಳ್ತದೆ, ನಮ್ಮ ಅಮೈಲೇಸಿಗೆ ಅದು ಬಗ್ಗುದಿಲ್ಲ. ದನಕ್ಕೂ ಸ್ವಂತ ತಾಕತ್ತಿಲ್ಲ, ಅದರ ಹೊಟ್ಟೆಯ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡ್ತವೆ.

ಎಣ್ಣೆಯಲ್ಲಿ ಮುರಿಯುವ ಪ್ರಶ್ನೆಗಿಂತ ಒತ್ತಿ ಕೂರುವ ಪ್ರಶ್ನೆ ದೊಡ್ಡದು. ತೆಂಗಿನೆಣ್ಣೆ ಮತ್ತು ಮೆಡಿಕಲ್ಲಲ್ಲಿ ಸಿಗುವ ಫಿಶ್ ಆಯಿಲ್ ಕ್ಯಾಪ್ಸೂಲ್ ಎರಡನ್ನೂ ಫ್ರಿಜ್ಜಲ್ಲಿಡಿ, ತೆಂಗಿನೆಣ್ಣೆ ಕಲ್ಲಾಗ್ತದೆ, ಮೀನೆಣ್ಣೆ ಹರಿದಾಡ್ತಾ ಇರ್ತದೆ. ತೆಂಗಿನೆಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಲಾರಿಕ್ ಆಸಿಡ್, ನೆಟ್ಟಗಿನ ಸರಪಳಿ, ಹತ್ತಿರ ಕೂರ್ತದೆ. ಬೂತಾಯಿ ಮೀನಿನ ಎಣ್ಣೆಯ ಡಿಎಚ್ಎ ಅನ್ನುವ ಫ್ಯಾಟಿ ಆಸಿಡಲ್ಲಿ ಆರು ಡಬಲ್ ಬಾಂಡ್, ಎಲ್ಲ ಸಿಸ್ (ಸರಪಳಿಯ ಎರಡೂ ಕಡೆ ಒಂದೇ ಬದಿಗೆ), ಪ್ರತಿಯೊಂದೂ ಒಂದು ಬಾಗು. ನಂಬರ್ ಬೇಕಾದ್ರೆ 18 ಕಾರ್ಬನ್ನಿನ ಸ್ಟಿಯರಿಕ್ ಆಸಿಡ್ ಕರಗುದು 69 ಡಿಗ್ರಿಯಲ್ಲಿ, ಅಷ್ಟೇ ಕಾರ್ಬನ್ ಇದ್ದು ಒಂದೇ ಒಂದು ಸಿಸ್ ಡಬಲ್ ಬಾಂಡ್ ಇರುವ ಓಲಿಯಿಕ್ ಆಸಿಡ್ ಕರಗುದು 13ರಲ್ಲಿ.

ಈಗ ನನಗೆ ಅತಿ ಮುಖ್ಯ ಅನಿಸುವ ವಿಷಯ, ಎಟಿಪಿ, ಅಂದ್ರೆ ಜೀವಕೋಶ ಎನರ್ಜಿಗೆ ಬಳಸುವ, ಮೂರು ಫಾಸ್ಫೇಟ್ ಸಾಲಾಗಿರುವ ಅಣು. ಬಯಾಲಜಿ ನೋಟ್ಸಲ್ಲಿ ಮಕ್ಕಳು ಬರೆದುಕೊಂಡಿರ್ತಾರೆ, ಹೈ ಎನರ್ಜಿ ಬಾಂಡ್ ಮುರಿದಾಗ ಎನರ್ಜಿ ಬಿಡುಗಡೆ ಆಗ್ತದೆ ಅಂತ. ನನ್ನ ಕ್ಲಾಸಲ್ಲಿ ಬಾಂಡ್ ಮುರಿಲಿಕ್ಕೆ ಯಾವಾಗಲೂ ಎನರ್ಜಿ ಕೊಡಬೇಕು ಅಂತ. ಒಬ್ಬ ಹುಡುಗ ಎದ್ದು ನಿಂತು, ‘ಮೇಡಂ, ನಿಮ್ಮದು ಸರಿಯಾ ಬಯಾಲಜಿ ಸರ್‌ದ್ದು ಸರಿಯಾ’ ಅಂತ ಕೇಳಿಯೇ ಬಿಟ್ಟ. ನಾನು ಮೊದಲು ಸಣ್ಣ ಲೆಕ್ಕ ಮಾಡಿಸಿದೆ. ಒಂದು ಹೈಡ್ರೋಜನ್ ಅಣು ಮತ್ತು ಒಂದು ಕ್ಲೋರಿನ್ ಅಣು ಸೇರಿ ಎರಡು ಎಚ್‌ಸಿಎಲ್. ಮುರಿಲಿಕ್ಕೆ 436 ಮತ್ತು 242, ಒಟ್ಟು 678 ಕಿಲೋಜೌಲ್ ಖರ್ಚು. ಹೊಸ ಎರಡು ಬಾಂಡ್ ಕಟ್ಟುವಾಗ ತಲಾ 431ರಂತೆ 862 ವಾಪಸ್. ಉಳಿದದ್ದು 184, ಅದೇ ಹೊರಗೆ ಬರುವ ಬಿಸಿ. ಎಟಿಪಿಯದ್ದೂ ಇದೇ ಲೆಕ್ಕ. ಕೊನೆಯ ಫಾಸ್ಫೇಟಿನ ಬಾಂಡ್ ಮುರಿಲಿಕ್ಕೆ ಖರ್ಚು ಉಂಟು, ಆದ್ರೆ ನೀರಿನೊಟ್ಟಿಗೆ ಹೊಸ ಬಾಂಡ್ ಆಗ್ತದೆ, ಒಂದನ್ನೊಂದು ದೂಡ್ತಾ ಇದ್ದ ನೆಗೆಟಿವ್ ಚಾರ್ಜುಗಳು ದೂರ ಆಗ್ತವೆ, ಬಿಡುಗಡೆಯಾದ ಫಾಸ್ಫೇಟ್ ಇನ್ನೂ ಹೆಚ್ಚು ಸ್ಥಿರ. ಎಲ್ಲ ಕಳೆದು ಕೂಡಿಸಿ ಸ್ಟ್ಯಾಂಡರ್ಡ್ ಸ್ಥಿತಿಯಲ್ಲಿ ಮೋಲಿಗೆ 30.5 ಕಿಲೋಜೌಲಿನಷ್ಟು ಲಾಭ. ಹೀಗಂತ ಬಯಾಲಜಿ ಸರ್ ಹತ್ರ ಸ್ಟಾಫ್‌ರೂಮಲ್ಲಿ ಕೂತು ಮಾತಾಡಿದೆ, ಅವರೂ ಒಪ್ಪಿದ್ರು. ಈಗ ಇಬ್ಬರೂ ಕ್ಲಾಸಲ್ಲಿ ಹೇಳುದು ಒಂದೇ ಮಾತು: ಎಟಿಪಿ ನೀರಿನೊಟ್ಟಿಗೆ ರಿಯಾಕ್ಟ್ ಆದಾಗ ಎನರ್ಜಿ ಸಿಗ್ತದೆ. ಮುರಿದಾಗ ಅಂತ ಹೇಳುದಿಲ್ಲ. ನೀವೂ ಪಾಠ ಮಾಡುವವರಾದ್ರೆ ಆಚೆ ಡಿಪಾರ್ಟ್‌ಮೆಂಟಿನವರೊಟ್ಟಿಗೆ ಒಂದು ಚಾ ಕುಡಿದು ಈ ವಾಕ್ಯ ಮೊದಲು ಸರಿ ಮಾಡ್ಕೊಳ್ಳಿ.

ಡಿಎನ್ಎ ತೆಗೆದು ತೋರಿಸ್ಲಿಕ್ಕೆ ಬಾಳೆಹಣ್ಣು, ಉಪ್ಪು, ಪಾತ್ರೆ ತೊಳೆಯುವ ಲಿಕ್ವಿಡ್, ತಣ್ಣಗಿನ ಸ್ಪಿರಿಟ್. ಬಿಳಿ ನೂಲಿನ ಥರ ಮೇಲೆ ಬರ್ತದೆ, ಅದರಲ್ಲಿ ಪೆಕ್ಟಿನ್, ಪ್ರೋಟೀನ್ ಕೂಡ ಇರ್ತದೆ, ಅದನ್ನು ಮಕ್ಕಳಿಗೆ ಹೇಳಬೇಕು. ಬಾಂಡಿನ ಪ್ರಶ್ನೆಗೆ ಆರ್‌ಟಿಪಿಸಿಆರ್ ಸಾಕು, ಕೋವಿಡ್ ಟೈಮಲ್ಲಿ ಎಲ್ಲರೂ ಮೂಗಿಗೆ ಕಡ್ಡಿ ಹಾಕಿಸ್ಕೊಂಡವರೇ. ಮೆಷಿನ್ ಒಳಗೆ 95 ಡಿಗ್ರಿ ಹತ್ತಿರ ಬಿಸಿ ಮಾಡಿದಾಗ ಡಿಎನ್ಎಯ ಎರಡು ಎಳೆ ಬೇರೆಯಾಗ್ತದೆ. ಎದುರುಬದುರು ಕೂರುವ ಬೇಸ್ ಜೋಡಿಗಳಲ್ಲಿ ಎ-ಟಿ ನಡುವಿನ ಎರಡು, ಜಿ-ಸಿ ನಡುವಿನ ಮೂರು ಹೈಡ್ರೋಜನ್ ಬಾಂಡ್ ಬಿಡ್ತದೆ, ಒಂದೊಂದು ಎಳೆಯ ಫಾಸ್ಫೋಡೈಎಸ್ಟರ್ ಬೆನ್ನೆಲುಬು ಹಾಗೇ ಉಳೀತದೆ. ಅದೂ ಮುರಿಯುವ ಹಾಗಿದ್ದಿದ್ರೆ ಕಾಪಿ ಮಾಡ್ಲಿಕ್ಕೆ ಎಳೆಯೇ ಉಳಿಯದೆ ಆ ಟೆಸ್ಟೇ ಇರ್ತಿರಲಿಲ್ಲ.

ಟೆಸ್ಟಲ್ಲಿ ಈಗ ನಾನು ಪುಸ್ತಕದ ಪ್ರಶ್ನೆ ಒಟ್ಟಿಗೆ ಇಂತದ್ದೂ ಒಂದು ಹಾಕ್ತೇನೆ. ಮೊನ್ನೆ ಕೇಳಿದ್ದು, ಗರಿಗರಿ ಕೋರಿ ರೊಟ್ಟಿ ಸಾರು ಹಾಕಿದ ಕೂಡಲೇ ಮೆತ್ತಗಾಗುದು ಯಾಕೆ, ಯಾವ ಬಾಂಡ್? ಸ್ಟಾರ್ಚ್ ಸರಪಳಿಗಳ ನಡುವೆ ನೀರು ನುಗ್ಗಿ ಅವುಗಳದ್ದೇ ಹೈಡ್ರೋಜನ್ ಬಾಂಡ್ ಬಿಡಿಸಿ ತಾನು ಹಿಡಿದುಕೊಳ್ತದೆ ಅಂತ ಬರೆದವರಿಗೆ ಪೂರ್ತಿ ಮಾರ್ಕ್ಸ್. ಗ್ಲೈಕೋಸಿಡಿಕ್ ಬಾಂಡ್ ಮುರೀತದೆ ಅಂತ ಬರೆದವರು ಈ ಸಲವೂ ಇದ್ರು, ಅವರಿಗೆ ಸೊನ್ನೆ. ಒಬ್ಬಳು ಮಾತ್ರ ಮೆತ್ತಗಾಗುವ ತನಕ ಹೈಡ್ರೋಜನ್ ಬಾಂಡ್, ಬಾಯಿಗೆ ಹಾಕಿದ ಮೇಲೆ ಗ್ಲೈಕೋಸಿಡಿಕ್ ಅಂತ ಎರಡೂ ಬರೆದಿದ್ಲು, ಅವಳಿಗೆ ಅರ್ಧ ಮಾರ್ಕ್ ಜಾಸ್ತಿಯೇ ಕೊಟ್ಟೆ.