ಸದ್ದಿಲ್ಲದೆ ನೆಲಕ್ಕೆ ಇಳಿಯುವ ಪಾಠ

ಮಂಡ್ಯ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದೆ, ಹಾಗಾಗಿ ಹುಡುಗಿಯರ ತಂಡ ನನ್ನ ಪಾಲಿಗೆ ಬಂತು. ಕೋರ್ಟು ಸಿಮೆಂಟಿನದು. ಬೆಳಿಗ್ಗೆ ಮೊದಲು ಪೊರಕೆ ಹಿಡಿದು ಧೂಳು ಗುಡಿಸಬೇಕು, ಆಮೇಲೆ ಆಟ.

ಹುಡುಗಿಯರು ಎತ್ತರಕ್ಕೆ ನೆಗೆಯಲೇಬೇಕು ಅನ್ನೋದು ನನ್ನ ಹಟವಾಗಿತ್ತು. ರಿಂಗ್ ಇರುವುದು 3.05 ಮೀಟರ್ ಮೇಲೆ, ಅಂದರೆ 10 ಅಡಿ. ನಮ್ಮ ಎಂಟನೇ ಕ್ಲಾಸಿನವರು ಐದಡಿ ದಾಟಿದರೆ ಹೆಚ್ಚು. ರಿಂಗಿಗೆ ಬಡಿದು ಬರುವ ಚೆಂಡು, ಅಂದರೆ ರಿಬೌಂಡ್, ಹಿಡಿಯೋಕೆ ನೆಗೆತ ಬೇಕೇ ಬೇಕು ಅಲ್ವಾ? ನನಗೆ ಗೊತ್ತಿದ್ದದ್ದು ನನ್ನ ಕಾಲದಲ್ಲಿ ಮಾಡಿಸುತ್ತಿದ್ದ ಕಸರತ್ತು ಅಷ್ಟೇ. ನೂರು ಬಸ್ಕಿ, ಕೋರ್ಟಿನ ಉದ್ದಕ್ಕೂ ಕಪ್ಪೆ ಜಿಗಿತ, ಮೆಟ್ಟಿಲು ಹತ್ತಿ ಇಳಿಯೋದು. ಅದನ್ನೇ ನಾಲ್ಕು ವರ್ಷ ಮಾಡಿಸಿದೆ.

ಆಮೇಲೆ ಒಂದು ಸಂಜೆ ನಮ್ಮ ತಂಡದ ಒಳ್ಳೆಯ ಆಟಗಾರ್ತಿ ಬಿದ್ದಳು. ಹದಿನೈದು ವರ್ಷದವಳು. ಯಾರೂ ಅವಳನ್ನು ತಳ್ಳಿರಲಿಲ್ಲ, ಹತ್ತಿರವೂ ಯಾರಿರಲಿಲ್ಲ. ರಿಬೌಂಡ್ ಹಿಡಿದು ಒಂದೇ ಕಾಲಲ್ಲಿ ಇಳಿದಳು, ಮಂಡಿ ಒಳಗಡೆಗೆ ವಾಲಿತು. ‘ಟಪ್’ ಅನ್ನೋ ಸದ್ದು ನನಗೂ ಕೇಳಿಸಿತು. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎ.ಸಿ.ಎಲ್. ಅನ್ನೋ ಲಿಗಮೆಂಟ್ ಹರಿದಿತ್ತು. ಆಪರೇಷನ್ ಆಯಿತು. ಅವಳ ತಾಯಿ ನನ್ನನ್ನು ಬೈಯಲಿಲ್ಲ. "ಮಿಸ್, ಇವಳು ಕೆಳಗೆ ಕೂತು ಏಳೋ ಹಂಗಾದ್ರೆ ಸಾಕು" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಅವಳ ಜೊತೆ ಫಿಸಿಯೋಥೆರಪಿಗೆ ನಾನೂ ಹೋಗುತ್ತಿದ್ದೆ. ಅಲ್ಲಿಯ ಡಾಕ್ಟರಮ್ಮ ಒಂದು ದಿನ ಕೇಳಿದರು: "ನೆಗೆಯೋದು ಹೇಳಿಕೊಡ್ತೀರಾ. ಇಳಿಯೋದು ಹೇಳಿಕೊಟ್ಟಿದ್ದೀರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ನೆಗೆದು, ತಿರುಗಿ, ಗಕ್ಕನೆ ನಿಲ್ಲುವ ಆಟಗಳಲ್ಲಿ ಈ ಗಾಯ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೆ ಹಲವು ಪಟ್ಟು ಜಾಸ್ತಿ ಆಗುತ್ತದೆ, ಅದರಲ್ಲೂ ಹೆಚ್ಚಿನವು ಯಾರೂ ತಾಗದೆಯೇ ಆಗುವಂಥವು ಅಂತ ಅವರು ಬಿಡಿಸಿ ಹೇಳಿದರು. ಹನ್ನೆರಡು ಹದಿಮೂರರ ಹೊತ್ತಿಗೆ ಹುಡುಗಿಯರ ಕಾಲು ಸರಸರ ಉದ್ದವಾಗುತ್ತದೆ, ತೂಕ ಏರುತ್ತದೆ. ಹುಡುಗರು ಹೀಗೆ ಬೆಳೆಯುವಾಗ ಸ್ನಾಯುಬಲವೂ ಜೊತೆಗೇ ಏರುತ್ತದೆ. ಹುಡುಗಿಯರಿಗೆ ಅಷ್ಟು ಏರುವುದಿಲ್ಲ. ಗಾಡಿ ದೊಡ್ಡದಾಯಿತು, ಬ್ರೇಕು ಹಳೆಯದೇ ಉಳಿಯಿತು ಅಂದುಕೊಳ್ಳಿ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಒಂದೇ ಬಿಗಿದು ಎಲ್ಲ ಭಾರ ಹೊರುತ್ತದೆ. ಹಿಂಭಾಗದ ಸ್ನಾಯು ಮತ್ತು ಪೃಷ್ಠದ ಸ್ನಾಯು ತಡವಾಗಿ ಎಚ್ಚರಗೊಳ್ಳುತ್ತವೆ. ಯಾವ ಸ್ನಾಯು ಯಾವಾಗ ಬಿಗಿಯಬೇಕು ಅಂತ ನರಗಳಿಗೆ ಕಲಿಸುವುದೇ ನ್ಯೂರೋಮಸ್ಕ್ಯುಲರ್ ತರಬೇತಿ.

ಅವರೇ ಒಂದು ಹಳೆಯ ಅಧ್ಯಯನದ ವಿಷಯ ಹೇಳಿದರು. 1996ರಲ್ಲಿ ಅಮೆರಿಕದ ತಿಮೋಥಿ ಹೆವೆಟ್ ಮತ್ತು ಸಂಗಡಿಗರು ಹೈಸ್ಕೂಲಿನ ವಾಲಿಬಾಲ್ ಹುಡುಗಿಯರಿಗೆ ಆರು ವಾರ ಇಂಥ ತರಬೇತಿ ಕೊಟ್ಟಿದ್ದರು. ನೆಲಕ್ಕೆ ಇಳಿಯುವಾಗಿನ ಪೆಟ್ಟು ಸುಮಾರು ಶೇ. 22ರಷ್ಟು ಕಡಿಮೆಯಾಯಿತು, ನೆಗೆತ ಸುಮಾರು ಶೇ. 10ರಷ್ಟು ಏರಿತು. ಇದ್ದದ್ದು ಹನ್ನೊಂದೇ ಹುಡುಗಿಯರು, ನಮ್ಮ ತಂಡಕ್ಕಿಂತಲೂ ಕಡಿಮೆ. ನನಗೆ ಹಿಡಿಸಿದ್ದು ಎರಡನೇ ಅಂಕಿ, ಸುಳ್ಳು ಯಾಕೆ ಹೇಳಲಿ.

ಜೂನ್‌ನಲ್ಲಿ ಶುರು ಮಾಡಿದೆ. ವಾರಕ್ಕೆ ಮೂರು ದಿನ, ಚೆಂಡು ಮುಟ್ಟುವ ಮೊದಲು ಇಪ್ಪತ್ತು ನಿಮಿಷ. ಮುರಿದ ಡೆಸ್ಕಿನ ಹಲಗೆಯಲ್ಲಿ ಬಡಗಿಯಿಂದ ಒಂದಡಿ ಎತ್ತರದ ಎರಡು ಪೆಟ್ಟಿಗೆ ಮಾಡಿಸಿದೆ. ಮೊದಲ ದಿನ ಎಲ್ಲರನ್ನೂ ಪೆಟ್ಟಿಗೆಯಿಂದ ಕೆಳಕ್ಕೆ ಇಳಿಸಿ, ಮುಂದೆ ಕೂತು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ಹಿಡಿದೆ. ಹದಿನಾಲ್ಕು ಜನರಲ್ಲಿ ಒಂಬತ್ತು ಜನರ ಮಂಡಿ ಒಂದಕ್ಕೊಂದು ಮುತ್ತಿಡುವಷ್ಟು ಹತ್ತಿರ ಬರುತ್ತಿತ್ತು. ಇಷ್ಟು ವರ್ಷ ಇದು ನನ್ನ ಕಣ್ಣೆದುರೇ ನಡೆಯುತ್ತಿತ್ತು. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಏಷ್ಯಾ ಕಪ್ ನಡೆದಾಗ ನೋಡಲು ಹೋಗಿದ್ದೆ. ಡಿವಿಷನ್ ಬಿ, ಅಂದರೆ ಎರಡನೇ ದರ್ಜೆಯ ಫೈನಲ್‌ನಲ್ಲಿ ನಮ್ಮವರು ಕಜಾಕಿಸ್ತಾನವನ್ನು ಸೋಲಿಸಿದಾಗ ಗಂಟಲು ಹರಿಯುವಂತೆ ಕೂಗಿದ್ದೆ. ಅಲ್ಲೂ ನಾನು ನೋಡಿದ್ದು ಯಾರು ಎಷ್ಟು ಮೇಲೆ ಹೋದರು ಅನ್ನೋದನ್ನೇ. ಕಾಲಿನ ಕಡೆ ಒಮ್ಮೆಯೂ ಕಣ್ಣು ಹಾಯಿಸಿರಲಿಲ್ಲ.

ಮೊದಲ ಮೂರು ವಾರ ಬರೀ ಇಳಿಯೋದು. ಮುಂಗಾಲು ಮೊದಲು ನೆಲಕ್ಕೆ, ಆಮೇಲೆ ಹಿಮ್ಮಡಿ. ಸೊಂಟ ಹಿಂದಕ್ಕೆ, ಕುರ್ಚಿ ಮೇಲೆ ಕೂರುವ ಹಾಗೆ. ಮಂಡಿ ಕಾಲ್ಬೆರಳ ನೇರಕ್ಕೆ. ಇಳಿದ ಮೇಲೆ ಮೂರು ಎಣಿಸುವವರೆಗೆ ಅಲುಗಾಡಬಾರದು. ಹೀಗೆ ಹೇಳುತ್ತಾ ಹೋದರೆ ಮಕ್ಕಳಿಗೆ ಏನೂ ತಲೆಗೆ ಹೋಗುತ್ತಿರಲಿಲ್ಲ. ಕೊನೆಗೆ ಎಲ್ಲ ಬಿಟ್ಟು ಒಂದೇ ಮಾತು ಇಟ್ಟುಕೊಂಡೆ: "ಸದ್ದು ಬರಬಾರದು, ಬೆಕ್ಕಿನ ಥರ ಇಳೀಬೇಕು." ಸದ್ದು ಮಾಡದೆ ಇಳಿಯಲು ಹೊರಟರೆ ಸೊಂಟ, ಮಂಡಿ ತಾವಾಗೇ ಬಗ್ಗುತ್ತವೆ.

ಒಂಟಿಕಾಲಿನ ಕಸರತ್ತಿಗೆ ಕುಂಟೆಬಿಲ್ಲೆ ಸಿಕ್ಕಿತು. ಚಾಕ್‌ಪೀಸಿನಲ್ಲಿ ಮನೆ ಬರೆದು, ಪ್ರತಿ ಮನೆಯಲ್ಲೂ ಕುಂಟುಗಾಲಲ್ಲಿ ಇಳಿದು ಮೂರು ಎಣಿಸಬೇಕು ಅಂದೆ. ನಮ್ಮಜ್ಜಿ ಕಾಲದ ಆಟ. ಹೈಸ್ಕೂಲಿಗೆ ಬಂದ ಮೇಲೆ ಆಡೋಕೆ ನಾಚಿಕೆಪಡುತ್ತಿದ್ದವರು ಎರಡೇ ದಿನದಲ್ಲಿ ಜಗಳ ಆಡಿಕೊಂಡು ಆಡತೊಡಗಿದರು. ಮಂಡಿಯೂರಿ ಕೂತು, ಹಿಂದೆ ಒಬ್ಬಳು ಕಣಕಾಲು ಹಿಡಿದುಕೊಂಡಿರಲು ನಿಧಾನಕ್ಕೆ ಮುಂದಕ್ಕೆ ಬಾಗುವ ಕಸರತ್ತು ಮಾತ್ರ ಯಾರಿಗೂ ಇಷ್ಟವಾಗಲಿಲ್ಲ. ತೊಡೆಯ ಹಿಂಭಾಗ ಎರಡು ದಿನ ನೋಯುತ್ತದೆ. ಐದೈದರಿಂದ ಶುರು ಮಾಡಿಸಿದ್ದರೂ ಗೊಣಗಾಟ ತಪ್ಪಲಿಲ್ಲ.

ನಾಲ್ಕನೇ ವಾರದಿಂದ ನೆಗೆತ ಸೇರಿಸಿದೆ. ದಿನಕ್ಕೆ ಅರವತ್ತು ಎಪ್ಪತ್ತಕ್ಕಿಂತ ಜಾಸ್ತಿ ಇಲ್ಲ, ನಡುವೆ ವಿರಾಮ. ಸುಸ್ತಾಗಿ ಸದ್ದು ಶುರುವಾದರೆ ಅಲ್ಲಿಗೇ ನಿಲ್ಲಿಸಿದೆ. ನೂರು ಕಪ್ಪೆ ಜಿಗಿತದ ಕಾಲದಲ್ಲಿ ಕೊನೆಯ ಐವತ್ತು ಕೆಟ್ಟ ಇಳಿತಗಳನ್ನೇ ನಾನು ಅಭ್ಯಾಸ ಮಾಡಿಸಿದ್ದೆನಲ್ಲ ಅಂತ ಆಗ ಹೊಳೆಯಿತು. ಊಟದ್ದೂ ಒಂದು ಗೋಳು. ಖಾಲಿ ಹೊಟ್ಟೆಯಲ್ಲಿ ಬರುವವರು ಅರ್ಧಕ್ಕಿಂತ ಜಾಸ್ತಿ. ಬೆಲ್ಲ, ಕಡ್ಲೆಕಾಯಿ ಬೀಜ ತಂದಿಟ್ಟೆ. ಮುಟ್ಟಿನ ದಿನ ಸುಸ್ತಾದರೆ ಬಾಯಿಬಿಟ್ಟು ಹೇಳಿ, ಆ ದಿನ ಸುಲಭದ್ದು ಮಾಡಿ ಅಂದೆ. ಮೊದಲು ಯಾರೂ ಹೇಳುತ್ತಿರಲಿಲ್ಲ, ಸುಮ್ನೆ ರಜ ಹಾಕುತ್ತಿದ್ದರು.

ಅಳತೆಗೆ ಗೋಡೆ ಮತ್ತು ಚಾಕ್‌ಪುಡಿ. ಬೆರಳಿಗೆ ಪುಡಿ ಹಚ್ಚಿ ನಿಂತಲ್ಲೇ ಕೈ ಎತ್ತಿ ಒಂದು ಗುರುತು, ನೆಗೆದು ಇನ್ನೊಂದು. ನಡುವಿನ ಅಂತರವೇ ನೆಗೆತ. ನಿಂತ ಗುರುತನ್ನು ಪ್ರತಿ ಸಲ ಹೊಸದಾಗಿ ಹಾಕಿಸಬೇಕು. ಈ ವಯಸ್ಸಿನಲ್ಲಿ ಮಕ್ಕಳು ಬೆಳೆಯುತ್ತಲೇ ಇರುತ್ತಾರೆ, ಹಳೆಯ ಗುರುತನ್ನೇ ನಂಬಿದರೆ ಉದ್ದ ಆದದ್ದನ್ನೂ ನಮ್ಮ ತರಬೇತಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ. ಹತ್ತು ವಾರಕ್ಕೆ ಬಹಳಷ್ಟು ಜನರದ್ದು ಎರಡರಿಂದ ನಾಲ್ಕು ಸೆಂಟಿಮೀಟರ್ ಏರಿತ್ತು. ಇಬ್ಬರದು ಏರಲೇ ಇಲ್ಲ. ಒಬ್ಬಳದು ಆರು ಏರಿತು. ನಂಬದೆ ಮೂರು ಸಲ ನೆಗೆಸಿದೆ. ಕೇಳೋಕೆ ಇದು ಬಹಳ ಕಡಿಮೆ ಅನಿಸಬಹುದು. ಆದರೆ ಈಗ ಅವರು ನೆಗೆದು ಇಳಿದವರೇ ತಡವರಿಸದೆ ಮತ್ತೆ ನೆಗೆಯುತ್ತಾರೆ. ರಿಬೌಂಡಿನಲ್ಲಿ ಆ ಎರಡನೇ ನೆಗೆತಕ್ಕೇ ಬೆಲೆ. ಮತ್ತೆ ವಿಡಿಯೊ ಹಿಡಿದಾಗ ಮಂಡಿ ಒಳಕ್ಕೆ ವಾಲುತ್ತಿದ್ದದ್ದು ಮೂವರದ್ದು ಮಾತ್ರ. ದಸರಾ ರಜ ಮುಗಿಸಿ ಬಂದಾಗ ಐವರದ್ದಾಗಿತ್ತು. ಬಿಟ್ಟರೆ ಬಿಡುತ್ತದೆ, ಅದಕ್ಕೇ ಈಗ ವರ್ಷವಿಡೀ ಮಾಡಿಸುತ್ತೇನೆ.

ಮಂಡಿ ಮುರಿದುಕೊಂಡವಳು ಈಗ ಪಿಯುಸಿಯಲ್ಲಿದ್ದಾಳೆ. ಪುನಃ ಕೋರ್ಟಿಗೆ ಇಳಿಯಲು ಅವಳಿಗೆ ಒಂದು ವರ್ಷದ ಮೇಲಾಯಿತು. ಭಾನುವಾರ ಬಂದು ಚಿಕ್ಕವರನ್ನು ಪೆಟ್ಟಿಗೆ ಹತ್ತಿಸುತ್ತಾಳೆ. ಅವಳು ಕೋರ್ಟಿಗೆ ಬೆನ್ನು ಹಾಕಿ, ಕಣ್ಣು ಮುಚ್ಚಿ ನಿಲ್ಲುತ್ತಾಳೆ. ಹಿಂದೆ ಒಬ್ಬೊಬ್ಬರೇ ಇಳಿಯುತ್ತಾರೆ. ಸದ್ದಿನಲ್ಲೇ ಯಾರು ಅಂತ ಹಿಡಿದು ಹೆಸರು ಕೂಗುತ್ತಾಳೆ. ಸಿಕ್ಕಿಬಿದ್ದವರು ಮತ್ತೆ ಹತ್ತಬೇಕು. ಹೋದ ವಾರ ಒಂಬತ್ತನೇ ಕ್ಲಾಸಿನ ಒಬ್ಬಳು ಇಳಿದು ಅವಳ ಹಿಂದೆಯೇ ಬಂದು ನಿಂತಿದ್ದಳು. ಇವಳು ಇನ್ನೂ ಕಣ್ಣು ಮುಚ್ಚಿಕೊಂಡೇ "ಬೇಗ ಇಳಿಯೇ, ಎಷ್ಟೊತ್ತು?" ಅಂತಿದ್ದಳು.